ಎಲ್ಲ ಟೇಬಲಿಗೂ ಒಂದೇ ಸಾಂಬಾರು

ನನ್ನ ಮಗಳು ಒಂದೇ ಪೇಪರಿನಲ್ಲಿ ಎರಡು ಸಲ ಫೇಲಾದಳು. ಮೂರನೆಯ ಸಲವೂ ಹೋದರೆ ಕಾಲೇಜು ಬಿಟ್ಟು ಮುಲುಂಡ್ ಸ್ಟೇಷನ್ ಪಕ್ಕದ ಬ್ಯೂಟಿ ಪಾರ್ಲರಿಗೆ ಸೇರುತ್ತೇನೆಂದು ಒಂದು ಭಾನುವಾರ ಊಟದ ಮಧ್ಯೆ ಘೋಷಿಸಿದಳು. ಪಾರ್ಲರಿನ ಕೆಲಸ ಕೀಳಲ್ಲ. ಆದರೆ ಸೋತು ಹೋಗಿ ಹಿಡಿದ ಕೆಲಸ ಹೇಗಿರುತ್ತದೆಂದು ನನಗೆ ಗೊತ್ತು. ನಾನು ಮುಂಬಯಿಗೆ ಬಂದು ಹೊಟೇಲಿನಲ್ಲಿ ಲೋಟ ತೊಳೆಯುತ್ತ ಕನ್ನಡ ರಾತ್ರಿಶಾಲೆಯಲ್ಲಿ ಓದಿದವನು. ಇಂಗ್ಲಿಷಿನಲ್ಲಿ ಎರಡು ಸಲ ಮುಗ್ಗರಿಸಿ, ಮೂರನೆಯ ಸಲ ಪರೀಕ್ಷೆಗೇ ಹೋಗದೆ ಕಾವಲಿಯ ಮುಂದೆ ನಿಂತುಬಿಟ್ಟೆ. ಮೊದಲ ಹತ್ತು ವರ್ಷ ನಾನು ಹೊಯ್ದ ದೋಸೆಗಳಲ್ಲಿ ಉಪ್ಪಿಗಿಂತ ಸಿಟ್ಟೇ ಹೆಚ್ಚಿತ್ತು. ಗಿರಾಕಿಗಳು ಅದನ್ನು ಗರಿಗರಿ ಎಂದು ಹೊಗಳಿದರು. ಈಗ ಗ್ರಾಂಟ್ ರೋಡಿನ ಅದೇ ಹೊಟೇಲಿನಲ್ಲಿ ನಾನು ಮುಖ್ಯ ಅಡುಗೆಯವನು, ಎಲ್ಲರ ಬಾಯಲ್ಲಿ ಭಟ್ರು.

ಹಾಗಾಗಿ ಅವಳ ಮಾತು ಕೇಳಿ ಕೈಯಲ್ಲಿದ್ದ ತುತ್ತನ್ನು ತಟ್ಟೆಗೇ ಹಾಕಿದೆ. ಯಾವ ಪೇಪರು ಅಂತ ಕೇಳಿದೆ. ಆಬ್ಜೆಕ್ಟ್ ಓರಿಯೆಂಟೆಡ್ ಪ್ರೋಗ್ರಾಮಿಂಗ್, ಪೈಥಾನ್ ಎಂಬ ಭಾಷೆಯಲ್ಲಿ ಅಂದಳು. ಕಂಪ್ಯೂಟರಿಗೆ ಕೆಲಸ ಹೇಳುವ ಒಂದು ಕ್ರಮವಂತೆ. ಎದುರಿಗೆ ಪರೀಕ್ಷಕ ಕೂತಿರುವಾಗ ತಾನೇ ಯೋಚಿಸಿದ ಒಂದು ಪ್ರೋಗ್ರಾಮ್ ಬರೆದು, ಓಡಿಸಿ, ಕೇಳಿದ್ದಕ್ಕೆ ಉತ್ತರ ಕೊಡಬೇಕು. ಎರಡು ಸಲವೂ ಅವಳು ಪುಸ್ತಕದಲ್ಲಿದ್ದದ್ದನ್ನು ಬಾಯಿಪಾಠ ಮಾಡಿ ಬರೆದಿದ್ದಳು. ಇದು ಯಾಕೆ ಹೀಗೆ ಎಂದು ಕೇಳಿದ ಕೂಡಲೇ ಬಾಯಿಗೆ ಬೀಗ ಬಿದ್ದಿತ್ತು.

"ನಮ್ಮ ಮ್ಯಾಮ್ ಹೇಳಿದ್ರು, ಕುಛ್ ಭೀ ಗೊತ್ತಿಲ್ಲದವರಿಗೆ ಸಮಜಾಯಿಸಬೇಕು, ತಬ್ ನಮಗೆ ಸಮಜತ್ತೆ ಅಂತ," ಅಂದಳು.

ಏನೂ ಗೊತ್ತಿಲ್ಲದವರು ಯಾರು ಎಂದು ಮನೆಯಲ್ಲಿ ಹುಡುಕಾಟ ನಡೆಯಿತು. ಹುಡುಕಾಟ ಅಂದರೆ ನನ್ನ ಹೆಂಡತಿ ಒಲೆಯ ಕಡೆಯಿಂದ ತಿರುಗಿ ನನ್ನನ್ನು ನೋಡಿದಳು, ಮಗಳೂ ನೋಡಿದಳು, ಅಷ್ಟೆ. "ಇವರಿಗಿಂತ ಒಳ್ಳೆಯವರು ನಿನಗೆ ಸಿಗ್ಲಿಕ್ಕಿಲ್ಲ," ಅಂದಳು ಹೆಂಡತಿ. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಅವಳು ನನ್ನ ಬಗ್ಗೆ ಆಡಿದ ಮೊದಲ ಒಳ್ಳೆಯ ಮಾತು ಅದು.

ನನ್ನದು ಬೆಳಗಿನ ಪಾಳಿ. ಮಧ್ಯಾಹ್ನ ಮೂರೂವರೆಗೆ ಹೊರಟು, ದಾದರಿನಲ್ಲಿ ಸೇತುವೆ ಹತ್ತಿ ಗಾಡಿ ಬದಲಿಸಿ, ಐದಕ್ಕೆ ಮನೆ. ಐದರಿಂದ ಆರೂವರೆವರೆಗೆ ಪಾಠ ಎಂದು ನಿಶ್ಚಯವಾಯಿತು. ಮೊದಲ ದಿನ ಕೈಕಾಲು ತೊಳೆದು, ಹಣೆಗೆ ಗಂಧ ಇಟ್ಟು ಕೂತೆ. ಹಳೆಯ ರಾತ್ರಿಶಾಲೆಯ ಭಯ ಇನ್ನೂ ಹೋಗಿರಲಿಲ್ಲ.

"ಪಪ್ಪಾ, ಕ್ಲಾಸ್ ಅಂದ್ರೆ ದೋಸೆ ಅಲ್ಲ. ದೋಸೆ ಹೇಗೆ ಆಗತ್ತೆ ಅಂತ ಬರೆದಿಡೋದು. ಉಸ್ಕೇ ಬಾದ್ ಒಂದೊಂದು ದೋಸೆ ಮಾಡ್ತೀವಲ್ಲ, ಅದು ಆಬ್ಜೆಕ್ಟ್."

"ಬರೆದಿಡುವುದು ಎಂತಕ್ಕೆ? ನನ್ನ ಕೈಗೆ ಗೊತ್ತುಂಟು."

"ಕಂಪ್ಯೂಟರ್‌ಗೆ ಕೈ ಇಲ್ಲ ಪಪ್ಪಾ."

"ಕೈ ಇಲ್ಲದವನಿಗೆ ದೋಸೆ ಯಾಕೆ ಮಾರಾಯ್ತಿ?"

ಅವಳು ತಲೆ ಹಿಡಿದುಕೊಂಡಳು. ನನಗೂ ನನ್ನ ಮೇಲೆ ಬೇಸರವಾಯಿತು. ಮಗಳ ವರ್ಷ ಹೋಗುವುದರಲ್ಲಿದೆ, ಇವನಿಗೆ ತರ್ಲೆ. ಹಾಗಾಗಿ ಎರಡನೆಯ ದಿನದಿಂದ ಒಂದು ನೋಟುಬುಕ್ಕು ತಂದೆ. ಕ್ಲಾಸ್ ಎಂದು ಬರೆದು, ಅದಕ್ಕೆ ದೋಸೆ ಎಂದು ಹೆಸರಿಟ್ಟು, ಅದರ ಒಳಗೆ ಇನಿಟ್ ಎಂಬ ಒಂದು ವಿಧಿ ಬರೆಯಬೇಕು. ಒಂದು ದೋಸೆ ಹುಟ್ಟುವ ಗಳಿಗೆಯಲ್ಲಿ ಅದಕ್ಕೆ ಏನೇನು ಕೊಡಬೇಕೋ ಅದೆಲ್ಲ ಅಲ್ಲಿ. ಎಷ್ಟು ಹಿಟ್ಟು, ಎಣ್ಣೆಯೋ ಬೆಣ್ಣೆಯೋ, ಈರುಳ್ಳಿ ಬೇಕೋ ಬೇಡವೋ. ಆಮೇಲೆ ದೋಸೆ ಮಾಡಬಲ್ಲ ಕೆಲಸಗಳು: ಬೇಯುವುದು, ಮಗುಚಿಕೊಳ್ಳುವುದು, ಮಡಿಸಿಕೊಳ್ಳುವುದು. ಇವೆಲ್ಲ ನಾನು ಮಾಡುವ ಕೆಲಸ, ದೋಸೆ ಮಾಡುವುದಲ್ಲ ಎಂದು ಹೇಳಲು ಬಾಯಿ ತೆರೆದೆ. ಹೆಂಡತಿ ಅಡುಗೆಮನೆಯಿಂದ ಕೆಮ್ಮಿದಳು. ಮುಚ್ಚಿದೆ.

ಆ ಭಾಷೆಯಲ್ಲಿ ಒಂದರ ಒಳಗಿನದನ್ನು ಬರೆಯುವಾಗ ಸಾಲನ್ನು ಸ್ವಲ್ಪ ಬಲಕ್ಕೆ ಸರಿಸಿ ಶುರು ಮಾಡಬೇಕು. ಸರಿಸದಿದ್ದರೆ ಆ ಸಾಲು ಹೊರಗಿನದಾಗುತ್ತದೆ, ಇಲ್ಲವೇ ಇಡೀ ಪ್ರೋಗ್ರಾಮ್ ಮುಷ್ಕರ ಹೂಡುತ್ತದೆ. ಇದು ಮಾತ್ರ ನನಗೆ ಒಂದೇ ಏಟಿಗೆ ಹತ್ತಿತು. ದಿನಾ ಲೋಕಲಿನ ಬಾಗಿಲಲ್ಲಿ ನೇತಾಡುತ್ತ "ಅಂದರ್ ಚಲೋ, ಅಂದರ್ ಚಲೋ" ಎಂದು ಜನರನ್ನು ಒಳಗೆ ಸರಿಸುವವನಿಗೆ ಇದನ್ನು ಕಲಿಸಬೇಕೆ?

ತಕರಾರು ಬಂದದ್ದು ಸೆಲ್ಫ್ ಎಂಬುದರಲ್ಲಿ. ದೋಸೆಯ ಪ್ರತಿಯೊಂದು ಕೆಲಸಕ್ಕೂ ಮೊದಲು ಸೆಲ್ಫ್ ಎಂದು ಬರೆಯಬೇಕಂತೆ. ಬೇಯುವುದಕ್ಕೂ ಸೆಲ್ಫ್, ಮಗುಚುವುದಕ್ಕೂ ಸೆಲ್ಫ್. ಯಾಕೆ ಎಂದರೆ "ಐಸಾಹೀ ಹೋತಾ ಹೈ", ಅದು ಇರುವುದೇ ಹಾಗೆ, ಅನ್ನುತ್ತಾಳೆ. ಎರಡು ಸಲ ಫೇಲಾದದ್ದು ಇಂಥ ಉತ್ತರದಿಂದಲೇ ಎಂದು ರೇಗಿದೆ. "ದೋಸೆ ಮಗುಚುವಾಗ ನೀನು ದೋಸೆಯೇ ಅಂತ ದೋಸೆಗೆ ನೆನಪು ಮಾಡಬೇಕಾ? ಅದು ಎಂತ, ಕುಡಿದು ಬಿದ್ದದ್ದಾ?" ಅವಳೂ ರೇಗಿ ಲ್ಯಾಪ್‌ಟಾಪ್ ಮುಚ್ಚಿದಳು. ಮೂರು ದಿನ ಪಾಠ ನಿಂತಿತು. ನಾನು ಹಳೆಯ ಪದ್ಧತಿಯಂತೆ ಐದು ಗಂಟೆಗೆ ಮುಸುಕು ಹೊದ್ದು ಮಲಗಿದೆ. ನಿದ್ದೆ ಬರಲಿಲ್ಲ. ಪಾರ್ಲರಿನ ಗುಲಾಬಿ ಬಣ್ಣದ ಪರದೆ ಕಣ್ಣೆದುರು ಬರುತ್ತಿತ್ತು.

ಸೆಲ್ಫಿನ ಗಂಟು ಬಿಡಿಸಿದವನು ನಮ್ಮ ತರಕಾರಿ ಹೆಚ್ಚುವವನು. ವಿಜಾಪುರ ಕಡೆಯ ಮನುಷ್ಯ, ನನ್ನದೇ ವಯಸ್ಸು, ಕುರ್ಲಾದಲ್ಲಿ ಮನೆ. ಸಂಜೆ ಇಬ್ಬರೂ ಒಂದೇ ಗಾಡಿಯಲ್ಲಿ ಬರುತ್ತೇವೆ. ದಾದರ್ ದಾಟಿದ ಮೇಲೆ ನನ್ನ ಸಂಕಟ ಹೇಳಿಕೊಂಡೆ. ಅವನು ಎಲೆಅಡಿಕೆ ಜಗಿಯುತ್ತ ಕೇಳಿದ.

"ಅಲ್ರೀ ಭಟ್ರ, ಉಳ್ಳಾಗಡ್ಡಿ ಹೆಚ್ಚೂ ಮುಂದ ಯಾವ ಉಳ್ಳಾಗಡ್ಡಿ ಅಂತ ಹೇಳಬೇಕೇನ್ರಿ?"

"ಹೇಳಬೇಕಂತೆ. ಅದೇ ನನ್ನ ತಲೆಬಿಸಿ."

"ಅದ್ರಾಗ ತಲಿಬಿಸಿ ಏನೈತ್ರಿ? ಬುಟ್ಟ್ಯಾಗ ನೂರು ಅದಾವು. ನಾ ಹೆಚ್ಚೂದು ಕೈಯಾಗ ಇರೋದು ಒಂದ. ಕೈಯಾಗಿಂದು ಅಂದ್ರ ಮುಗೀತು."

ಕುರ್ಲಾ ಬರುವವರೆಗೂ ಆ ಮಾತನ್ನೇ ಮಗುಚಿ ಮಗುಚಿ ನೋಡಿದೆ. ಹೆಚ್ಚುವ ವಿಧಿ ಒಂದೇ, ಉಳ್ಳಾಗಡ್ಡಿ ನೂರು. ವಿಧಿ ಬರೆಯುವವನಿಗೆ ಇವತ್ತು ಯಾವುದು ಕೈಗೆ ಬರುತ್ತದೆಂದು ಗೊತ್ತಿಲ್ಲ. ಹಾಗಾಗಿ ಕೈಯಲ್ಲಿರುವುದು ಯಾವುದೋ ಅದು ಎಂದು ಬರೆದಿಡುತ್ತಾನೆ. ಸೆಲ್ಫ್ ಎಂದರೆ ಕೈಯಾಗಿಂದು! ಕಾವಲಿಯ ಮೇಲೆ ಎಂಟು ದೋಸೆ ಬೇಯುತ್ತಿರುವಾಗ ಮಗುಚು ಎಂದರೆ ಯಾವುದನ್ನು ಮಗುಚಬೇಕು? ಅವನು ಇಳಿಯುವಾಗ ನಾನು ಅವನ ಎರಡೂ ಕೈ ಹಿಡಿದುಕೊಂಡೆ. ಬಾಗಿಲಲ್ಲಿದ್ದವರು ಬೈದರು, ಯಾಕೆಂದರೆ ಅವನು ಇಳಿಯದೆ ಅವರೂ ಇಳಿಯುವಂತಿರಲಿಲ್ಲ.

ಆವತ್ತು ನಾನೇ ಲ್ಯಾಪ್‌ಟಾಪ್ ತೆರೆದು ಮಗಳಿಗೆ ಉಳ್ಳಾಗಡ್ಡಿಯ ಸಂಗತಿ ಹೇಳಿದೆ. ಅವಳು ಪೂರ್ತಿ ಕೇಳಿ, "ಪಪ್ಪಾ, ಯೇ ತೋ ಸಹೀ ಹೈ," ಅಂದಳು. ನನ್ನ ಜೀವನದಲ್ಲಿ ಪರೀಕ್ಷೆಗೆ ಸಂಬಂಧಪಟ್ಟ ಒಂದು ವಿಷಯದಲ್ಲಿ ನಾನು ಸರಿ ಎಂದು ಯಾರಾದರೂ ಹೇಳಿದ್ದು ಅದೇ ಮೊದಲು. ಮಂಗನಿಗೆ ಹೆಂಡ ಕುಡಿಸಿದ ಹಾಗಾಯಿತು.

ಅಲ್ಲಿಂದ ಮುಂದೆ ನನ್ನನ್ನು ತಡೆಯುವವರೇ ಇರಲಿಲ್ಲ. ಒಂದು ಕ್ಲಾಸಿನಿಂದ ಇನ್ನೊಂದು ಕ್ಲಾಸು ಹುಟ್ಟುತ್ತದೆ, ಹಳೆಯದರ ಗುಣವೆಲ್ಲ ಹೊಸದಕ್ಕೆ ತಾನಾಗಿ ಬರುತ್ತದೆ, ಬೇಡವಾದ್ದನ್ನು ಮಾತ್ರ ಬದಲಿಸಿ ಬರೆದರೆ ಸಾಕು ಎಂದಳು ಮಗಳು. ಇದನ್ನು ನಾವು ಗ್ರಾಂಟ್ ರೋಡಿನಲ್ಲಿ ಎಷ್ಟೋ ಕಾಲದಿಂದ ಮಾಡಿಕೊಂಡು ಬಂದಿದ್ದೇವೆ. ದೋಸೆಯಿಂದ ಮಸಾಲೆ ದೋಸೆ; ಮಸಾಲೆ ದೋಸೆಯಿಂದ ಜೈನ್ ಮಸಾಲೆ ದೋಸೆ. ಜೈನ್ ದೋಸೆ ಎಲ್ಲದರಲ್ಲೂ ಅಪ್ಪನ ಹಾಗೆಯೇ, ಪಲ್ಯ ಒಂದನ್ನು ಬಿಟ್ಟು. ಅಲ್ಲಿ ಬಟಾಟೆ, ಈರುಳ್ಳಿ ತೆಗೆದು ಬಾಳೆಕಾಯಿ. ನಾನು ಇದನ್ನು ಹೇಳುತ್ತಿದ್ದಂತೆ ಮಗಳು ಟಕಟಕ ಬರೆದಳು, ಮತ್ತು ಅದು ಓಡಿತು. ಇಬ್ಬರೂ ಕೈಗೆ ಕೈ ತಟ್ಟಿದೆವು.

ಜಗಳವಾದದ್ದು ಶೆಜ್ವಾನ್ ದೋಸೆಯ ವಿಷಯದಲ್ಲಿ. ಅದಕ್ಕೆ ದೋಸೆ ಒಂದು ಮೂಲ, ಚೈನೀಸ್ ಇನ್ನೊಂದು ಮೂಲ, ಎರಡರಿಂದಲೂ ಹುಟ್ಟಿಸಬಹುದು ಅಂದಳು. ನನ್ನ ಮನೆಯ ಮೇಜಿನ ಮೇಲೆ ಅಂಥದ್ದಕ್ಕೆ ಜಾಗವಿಲ್ಲ ಅಂದೆ. ಹೊಟೇಲಿನಲ್ಲಿ ದಿನಾ ಮಾಡುತ್ತೀರಲ್ಲ ಎಂದು ಕೇಳಿದಳು. ಹೊಟ್ಟೆಪಾಡಿಗೆ ಮಾಡುತ್ತೇನೆ, ವಂಶಕ್ಕೆ ಸೇರಿಸಿಕೊಳ್ಳುವುದಿಲ್ಲ ಅಂದೆ. "ದೋಸೆಯಲ್ಲೂ ಚೈನೀಸಿನಲ್ಲೂ ಬೇಯುವ ವಿಧಿ ಇದ್ದರೆ ಇದು ಯಾರ ಮಾತು ಕೇಳುತ್ತದೆ?" ಎಂದು ಕೇಳಿದೆ. "ಯಾರ ಹೆಸರು ಪೆಹಲೇ ಬರೆದಿದೆಯೋ ಅವರದ್ದು." "ಹಾಗಾದರೆ ದೋಸೆಯ ಹೆಸರು ಮೊದಲು ಬರೆ." ಅಷ್ಟಕ್ಕೆ ರಾಜಿಯಾಯಿತು.

ಲೋಕಲಿನಲ್ಲಿ ನೋಟುಬುಕ್ಕು ತೆರೆದು ಬರೆಯುವ ಅಭ್ಯಾಸವಾಯಿತು. ಒಂದು ದಿನ ಘಾಟ್ಕೋಪರಿನ ಹತ್ತಿರ, ನನ್ನ ಭುಜದ ಮೇಲೆ ಗದ್ದ ಇಟ್ಟು ನಿಂತಿದ್ದ ಅಪರಿಚಿತನೊಬ್ಬ, "ಅಂಕಲ್, ಕ್ಲಾಸ್ ಕೇ ಆಗೇ ಕೋಲನ್ ರಹ್ ಗಯಾ," ಅಂದ. ನೋಡಿದರೆ ನಿಜ, ಎರಡು ಚುಕ್ಕೆ ಬಿಟ್ಟುಹೋಗಿತ್ತು. ಹಾಕಿದೆ. ಅವನು ತೃಪ್ತಿಯಿಂದ ಕಣ್ಣು ಮುಚ್ಚಿದ.

ಹೊಟೇಲಿನಲ್ಲೂ ಸುಧಾರಣೆ ತಂದೆ. ಒಂದು ಆಬ್ಜೆಕ್ಟಿನ ಒಳಗಿನದಕ್ಕೆ ಹೊರಗಿನವರು ಕೈ ಹಾಕಬಾರದು, ಕೇಳಿ ಪಡೆಯಬೇಕು ಎಂಬ ನೀತಿ ನನಗೆ ಬಹಳ ಹಿಡಿಸಿತ್ತು. ಸಪ್ಲೈಯರುಗಳು ಒಳಗೆ ನುಗ್ಗಿ ತಾವೇ ಚಟ್ನಿ ತೋಡಿಕೊಳ್ಳುವುದನ್ನು ನಿಲ್ಲಿಸಿದೆ. ಚಟ್ನಿಯವನನ್ನು ಕೇಳಬೇಕು, ಅವನು ಕೊಡಬೇಕು. ಚಟ್ನಿಯವನಿಗೆ ಕಿವಿ ಸ್ವಲ್ಪ ಮಂದ. ಬೆಳಗಿನ ಎಂಟೂವರೆಗೆ ಚಟ್ನಿಗಾಗಿ ಕ್ಯೂ ನಿಂತು, ಅದು ಬಾಗಿಲು ದಾಟಿ ಕೈ ತೊಳೆಯುವಲ್ಲಿಗೆ ಮುಟ್ಟಿತು. ಹಿಂದೆ ನಿಂತ ಇಬ್ಬರು ಗಿರಾಕಿಗಳು ಅದು ಕೈ ತೊಳೆಯುವ ಕ್ಯೂ ಎಂದು ತಿಳಿದು ಚಟ್ನಿಯವನ ಮುಂದೆ ಬಂದು ನಿಂತರು. ನಮ್ಮ ಧಣಿಗಳು ಗಲ್ಲಾಪೆಟ್ಟಿಗೆಯ ಹಿಂದಿನಿಂದ ಎದ್ದು ಬಂದು, "ಭಟ್ರೇ, ಎಂತ ಆಯ್ತು ನಿಮಗೆ? ಬಿಪಿ ನೋಡಿಸಿದಿರಾ?" ಎಂದು ಕೇಳಿದರು. ಅವತ್ತು ಸಂಜೆ ಮಗಳು ಹೇಳಿದಳು, ಪೈಥಾನಿನಲ್ಲಿ ಒಳಗಿನದಕ್ಕೆ ಬೀಗವೇನೂ ಇಲ್ಲ, ಹೆಸರಿನ ಮುಂದೆ ಒಂದು ಗೆರೆ ಎಳೆದಿರುತ್ತಾರೆ, ಮುಟ್ಟಬೇಡಿ ಎಂಬ ಸೂಚನೆಗೆ. ಮುಟ್ಟುವವರು ಮುಟ್ಟುತ್ತಾರೆ ಎಂದು. ನಮ್ಮ ಅಡುಗೆಮನೆಯ ಬಾಗಿಲಲ್ಲೂ ಒಳಗೆ ಪ್ರವೇಶವಿಲ್ಲ ಎಂಬ ಬೋರ್ಡು ಇದೆ. ಅದರ ಕೆಳಗಿನಿಂದಲೇ ಎಲ್ಲರೂ ಬರುತ್ತಾರೆ. ಚಟ್ನಿಯ ಸುಧಾರಣೆಯನ್ನು ವಾಪಸ್ ತೆಗೆದುಕೊಂಡೆ.

ಪರೀಕ್ಷೆಗೆ ಹನ್ನೊಂದು ದಿನ ಉಳಿದಿತ್ತು. ಮಗಳು ತನ್ನ ಪ್ರೋಗ್ರಾಮಿಗೆ ನಮ್ಮ ಹೊಟೇಲನ್ನೇ ಆರಿಸಿಕೊಂಡಿದ್ದಳು. ಟೇಬಲ್ ಎಂಬುದು ಕ್ಲಾಸ್. ಒಂದನೇ ಟೇಬಲ್, ಎರಡನೇ ಟೇಬಲ್ ಹೀಗೆ ಒಂದೊಂದೂ ಆಬ್ಜೆಕ್ಟ್. ಗಿರಾಕಿ ಹೇಳಿದ ತಿಂಡಿ ಆ ಟೇಬಲಿನ ಪಟ್ಟಿಗೆ ಸೇರಬೇಕು. ಆ ಪಟ್ಟಿಯನ್ನು ಎಲ್ಲಿ ಬರೆಯುವುದು ಎಂದು ಅವಳು ಪೆನ್ನು ಕಚ್ಚುತ್ತ ಕೂತಿದ್ದಳು. ಇನಿಟ್‌ನ ಒಳಗೆ ಸೆಲ್ಫ್ ಹಚ್ಚಿ ಬರೆಯಬಹುದು, ಅಥವಾ ಮೇಲೆ, ಕ್ಲಾಸಿನ ಹೆಸರಿನ ಕೆಳಗೇ ನೇರವಾಗಿ ಬರೆಯಬಹುದು. ವ್ಯತ್ಯಾಸ ಏನೆಂದು ಪುಸ್ತಕದಲ್ಲಿ ಇಂಗ್ಲಿಷಿನಲ್ಲಿ ಬರೆದಿತ್ತು, ಅವಳಿಗೆ ಹತ್ತಿರಲಿಲ್ಲ. ಎರಡು ಸಲವೂ ಅವಳು ಜಾರಿದ್ದು ಇಲ್ಲೇ.

ನಾನು ಬಾಯಿ ಹಾಕಿದೆ. "ಮೇಲೆ ಬರೆ. ನಮ್ಮಲ್ಲಿ ಸಾಂಬಾರು ಹೇಗೆ? ಒಂದೊಂದು ಟೇಬಲಿಗೆ ಒಂದೊಂದು ಹಂಡೆ ಇಡ್ತೇವಾ? ಎಲ್ಲ ಟೇಬಲಿಗೂ ಒಂದೇ ಸಾಂಬಾರು. ಟೇಬಲಾದರೂ ಒಬ್ಬನದ್ದಾ? ಮಧ್ಯಾಹ್ನ ಹೋಗಿ ನೋಡು, ಗುರುತು ಪರಿಚಯ ಇಲ್ಲದ ನಾಲ್ಕು ಜನ ಒಂದೇ ಟೇಬಲಲ್ಲಿ ಕೂತು ತಿಂದು ಎದ್ದು ಹೋಗ್ತಾರೆ. ಪಟ್ಟಿಯೂ ಹಾಗೆಯೇ. ಮೇಲೆ ಒಂದೇ ಸಲ ಬರೆ, ಎಲ್ಲರಿಗೂ ಆಯ್ತು. ಸುಮ್ಮನೆ ಪ್ರತಿ ಟೇಬಲಿಗೆ ಎಂತಕ್ಕೆ ಖರ್ಚು?"

ಅವಳು ಪೆನ್ನು ಬಾಯಿಂದ ತೆಗೆದಳು. ಪರದೆ ನೋಡಿದಳು, ನನ್ನನ್ನು ನೋಡಿದಳು, ಮತ್ತೆ ಪರದೆ ನೋಡಿದಳು. ಆಮೇಲೆ ಎದ್ದು ಹೋಗಿ ಮುಖ ತೊಳೆದುಕೊಂಡು ಬಂದು, "ಬರೆಯಿರಿ ಪಪ್ಪಾ, ನೀವೇ ಬರೆಯಿರಿ," ಎಂದು ಕುರ್ಚಿ ಬಿಟ್ಟುಕೊಟ್ಟಳು. ನಾನು ಎರಡು ಬೆರಳಲ್ಲಿ ಒತ್ತಿ ಒತ್ತಿ ಪಟ್ಟಿಯನ್ನು ಮೇಲೆ ಬರೆದೆ. ಒಂದನೇ ಟೇಬಲಿಗೆ ಇಡ್ಲಿ ಹಾಕಿ ಓಡಿಸಿದಳು, ಇಡ್ಲಿ ಬಂತು. "ಬರೋಬರ್," ಅಂದಳು. ನನಗೆ ಎದೆಯುಬ್ಬಿತು.

ಉಳಿದ ಹನ್ನೊಂದು ದಿನ ನಾನು ಶಿಷ್ಯ ಆಗಿರಲಿಲ್ಲ. ಐದು ಗಂಟೆಗೆ ಸರಿಯಾಗಿ ಕೂತು, ಅವಳಿಗೆ ಪ್ರಶ್ನೆ ಹಾಕುತ್ತಿದ್ದೆ. ಉತ್ತರ ತಡವಾದರೆ ಮೇಜು ಕುಟ್ಟುತ್ತಿದ್ದೆ. ನಿನಗೆ ಅಡುಗೆಮನೆಯ ಅನುಭವ ಇಲ್ಲ, ಅದಕ್ಕೇ ತಲೆಗೆ ಹತ್ತುವುದಿಲ್ಲ ಎಂದು ಬೈಯುತ್ತಿದ್ದೆ. ಒಂದು ದಿನ ಸೋಮಾರಿ ಅಂದೆ. ಇನ್ನೊಂದು ದಿನ ಅದಕ್ಕಿಂತ ಹೆಚ್ಚಿನದು ಅಂದೆ, ಇಲ್ಲಿ ಬರೆಯುವುದಿಲ್ಲ. ಅವಳು ಹೂಂಗುಟ್ಟುತ್ತ, ಮತ್ತೆ ಮತ್ತೆ ಒಂದನೇ ಟೇಬಲಿನ ಪಟ್ಟಿಯನ್ನೇ ಓಡಿಸಿ ತೋರಿಸುತ್ತಿದ್ದಳು. ಪಾಠ ಮುಗಿದ ಮೇಲೂ ಏಳದೆ, ನೀವು ಮುಂಬಯಿಗೆ ಬಂದಾಗ ಎಲ್ಲಿ ಮಲಗುತ್ತಿದ್ದಿರಿ, ಮೊದಲ ದೋಸೆ ಸುಟ್ಟುಹೋಗಿತ್ತಾ, ರಾತ್ರಿಶಾಲೆಯ ಮಾಸ್ತರರು ಹೊಡೆಯುತ್ತಿದ್ದರಾ ಎಂದೆಲ್ಲ ಕೇಳುತ್ತಿದ್ದಳು. ಓದು ತಪ್ಪಿಸಿಕೊಳ್ಳಲು ಉಪಾಯ ಇದು ಎಂದು ನಾನು ಚಿಕ್ಕದಾಗಿ ಉತ್ತರ ಕೊಟ್ಟು ಏಳುತ್ತಿದ್ದೆ.

ಪರೀಕ್ಷೆಗೆ ಹೋದಳು, ಬಂದಳು. "ಠೀಕ್ ಥಾ," ಅಂದಳು. ಒಂದೂವರೆ ತಿಂಗಳ ಮೇಲೆ ಪಾಸಾದಳು ಎಂಬ ಸುದ್ದಿ ಬಂತು. ನಾನು ದಾದರಿನ ಸೇತುವೆಯ ಮೇಲೆ ಫೋನು ಹಿಡಿದು ಅತ್ತುಬಿಟ್ಟೆ. ಜನ ಎರಡೂ ಕಡೆಯಿಂದ ದಬ್ಬಿದ್ದರಿಂದ ಅಳುತ್ತಲೇ ಬೇರೆ ಪ್ಲಾಟ್‌ಫಾರ್ಮಿಗೆ ಇಳಿದೆ. ಮರುದಿನ ಹೊಟೇಲಿನಲ್ಲಿ ಶೀರಾ ಮಾಡಿ ಎಲ್ಲರಿಗೂ ಹಂಚಿದೆ. ಸುಮ್ಮನೆ ಹಂಚಿದ್ದರೆ ಒಳ್ಳೆಯದಿತ್ತು. ಆ ಪ್ರೋಗ್ರಾಮಿನ ಮುಖ್ಯ ಭಾಗ ನನ್ನದೇ, ಪಟ್ಟಿ ಎಲ್ಲಿ ಬರೆಯಬೇಕೆಂದು ನಾನೇ ಹೇಳಿಕೊಟ್ಟದ್ದು ಎಂದು ಪ್ರತಿ ಚಮಚದ ಜೊತೆ ಹೇಳಿದೆ. ಧಣಿಗಳು, "ಹಾಗಾದರೆ ಒಂದು ದಿನ ಇಲ್ಲಿ ಹಾಕಿ ನೋಡುವ ಭಟ್ರೇ," ಅಂದರು. ಅವರು ತಮಾಷೆಗೆ ಅಂದದ್ದು. ನಾನು ಗುರುವಾರ ಮಗಳನ್ನು ಕೇಳದೆಯೇ ಲ್ಯಾಪ್‌ಟಾಪ್ ಚೀಲಕ್ಕೆ ಹಾಕಿಕೊಂಡು ಹೊರಟೆ.

ಹನ್ನೆರಡು ಗಂಟೆಗೆ, ಜನ ತುಂಬುವ ಹೊತ್ತಿಗೆ ಸರಿಯಾಗಿ, ಕಾವಲಿಯ ಪಕ್ಕದ ಹಿಟ್ಟಿನ ಡಬ್ಬದ ಮೇಲೆ ಅದನ್ನು ಇಟ್ಟೆ. ಸಪ್ಲೈಯರ್ ಬಂದು ಟೇಬಲಿನ ನಂಬರು, ತಿಂಡಿ ಹೇಳಬೇಕು, ನಾನು ಒತ್ತಬೇಕು, ಪರದೆಯ ಮೇಲೆ ಆ ಟೇಬಲಿನ ಪಟ್ಟಿ ಬರಬೇಕು, ಅದನ್ನು ನೋಡಿ ಅಡುಗೆಮನೆ ಕೊಡಬೇಕು. ಒಂದನೇ ಟೇಬಲಿಗೆ ಇಡ್ಲಿ. ಬಂತು. ಎರಡನೇ ಟೇಬಲಿಗೆ ಉಪ್ಪಿಟ್ಟು. ಪರದೆಯಲ್ಲಿ ಇಡ್ಲಿ, ಉಪ್ಪಿಟ್ಟು ಎರಡೂ ಬಂದವು. ಸಪ್ಲೈಯರ್ ತಪ್ಪು ಹೇಳಿರಬೇಕು ಅಂದುಕೊಂಡೆ. ಅಡುಗೆಮನೆಯಲ್ಲಿ ಒಂದು ನಿಯಮವಿದೆ: ಆರ್ಡರು ಬಂದರೆ ಯಾಕೆ ಎಂದು ಕೇಳಬಾರದು, ಮಾಡಬೇಕು. ನಾವೂ ಕೇಳಲಿಲ್ಲ, ಸಪ್ಲೈಯರುಗಳೂ ಕೇಳಲಿಲ್ಲ. ಕಂಪ್ಯೂಟರ್ ಹೇಳುತ್ತಿದೆಯಲ್ಲ. ಮೂರನೇ ಟೇಬಲಿಗೆ ಮೂರು, ನಾಲ್ಕನೆಯದಕ್ಕೆ ನಾಲ್ಕು. ಒಂಬತ್ತನೇ ಟೇಬಲಿನಲ್ಲಿ ಬರೀ ಚಹಾ ಕೇಳಿದವನ ಮುಂದೆ ಇಡ್ಲಿ, ಉಪ್ಪಿಟ್ಟು, ಪೂರಿ, ಮೈಸೂರು ಮಸಾಲೆ, ಮೊಸರುವಡೆ, ಟೊಮೆಟೊ ಆಮ್ಲೆಟ್, ಜೈನ್ ದೋಸೆ, ಶೆಜ್ವಾನ್ ದೋಸೆ, ಕೊನೆಗೆ ಚಹಾ ಬಂದು ಕೂತವು.

ವಿಚಿತ್ರವೆಂದರೆ ಯಾರೂ ದೂರಲಿಲ್ಲ. ಎಲ್ಲ ಟೇಬಲಿನಲ್ಲೂ ಅಪರಿಚಿತರು ಎದುರುಬದುರು ಕೂತಿದ್ದರು. ಪ್ರತಿಯೊಬ್ಬನೂ ಇದು ಎದುರಿನವನದು ಎಂದುಕೊಂಡ. ಎದುರಿನವನೂ ಹಾಗೆಯೇ ಅಂದುಕೊಂಡ. ತಟ್ಟೆ ಇಡಲು ಜಾಗ ಮಾಡಿಕೊಟ್ಟರು, ನೀರಿನ ಲೋಟ ತೊಡೆಯ ಮೇಲೆ ಇಟ್ಟುಕೊಂಡರು, ತಮ್ಮದನ್ನು ತಿಂದು, ಎದುರಿನ ಮನುಷ್ಯನ ಹಸಿವಿಗೆ ಒಳಗೊಳಗೇ ಬೆರಗಾಗುತ್ತ ಎದ್ದುಹೋದರು. ನಾನು ಇಣುಕಿದಾಗ ಇಡೀ ಹೊಟೇಲು ಯಾರೂ ಮುಟ್ಟದ ತಿಂಡಿಗಳಿಂದ ತುಂಬಿತ್ತು. ಧಣಿಗಳು ನಿಂತಲ್ಲೇ ನಿಂತಿದ್ದರು. ತರಕಾರಿಯವನು ಈಳಿಗೆ ಬಿಟ್ಟು ಬಂದು ನನ್ನ ಹೆಗಲ ಮೇಲಿನಿಂದ ನೋಡಿದ.

"ಭಟ್ರ, ಕೈಯಾಗಿಂದು ಬಿಟ್ಟು ಬುಟ್ಟೀನ ಕೊಟ್ಟೀರಲ್ರಿ," ಅಂದ.

ಮಗಳಿಗೆ ಫೋನು ಮಾಡಿದೆ. ಹಲೋ ಅನ್ನುವ ಮೊದಲೇ ಬೈಯತೊಡಗಿದೆ. ನಿನ್ನ ಪ್ರೋಗ್ರಾಮು ನನ್ನ ಮರ್ಯಾದೆ ತೆಗೆಯಿತು, ಇದಕ್ಕೆ ಪಾಸು ಮಾಡಿದವನು ಯಾರು ಎಂದು. ಅವಳು ಕೇಳಿದಳು, "ಪಪ್ಪಾ, ಯಾವ ಫೈಲ್ ತೆಗೆದಿರಿ? ಮನೆ ಅಂತ ಬರೆದದ್ದಾ?" ಹೌದು ಅಂದೆ. "ಅದು ನಿಮ್ಮದು. ಎಕ್ಸಾಮ್‌ನಲ್ಲಿ ನಾನು ಅಲಗ್ ಬರೆದೆ," ಅಂದಳು.

ಸಂಜೆ ಐದಕ್ಕೆ ಮನೆಗೆ ಹೋದೆ. ದಾರಿಯುದ್ದಕ್ಕೂ ಸಿಟ್ಟು ಕುದಿಯುತ್ತಿತ್ತು. ಅವಳು ಮೇಜಿನ ಮುಂದೆ ಕೂತಿದ್ದಳು. ನಾನು ಲ್ಯಾಪ್‌ಟಾಪ್ ಇಟ್ಟೆ. ಪರೀಕ್ಷೆಯಲ್ಲಿ ಬರೆದದ್ದನ್ನು ತೆಗೆದು ತೋರಿಸಿದಳು. ಪಟ್ಟಿ ಇನಿಟ್‌ನ ಒಳಗಿತ್ತು, ಸೆಲ್ಫ್ ಹಚ್ಚಿ. ಪ್ರತಿ ಟೇಬಲಿಗೂ ಅದರದೇ ಪಟ್ಟಿ. ಸಾಂಬಾರು ಮಾತ್ರ ಮೇಲಿತ್ತು, ಎಲ್ಲರಿಗೂ ಒಂದೇ. ಪರೀಕ್ಷಕರು ಅದನ್ನೇ ಕೇಳಿದರಂತೆ, ಇದು ಯಾಕೆ ಮೇಲೆ, ಅದು ಯಾಕೆ ಒಳಗೆ ಎಂದು. ನಿಲ್ಲದೆ ಹೇಳಿದಳಂತೆ.

"ನಿನಗೆ ಇದು ಯಾವಾಗ ಗೊತ್ತಾದದ್ದು?"

"ಉಸೀ ದಿನ. ನೀವು ಸಾಂಬಾರ್ ಹೇಳಿದ್ರಲ್ಲ, ತಬ್. ನಿಮ್ಮದು ಯಾಕೆ ತಪ್ಪು ಅಂತ ಮನಸ್ಸಲ್ಲೇ ನಿಮಗೆ ಸಮಜಾಯಿಸ್ತಾ ಇದ್ದೆ. ಸಮಜಾಯಿಸ್ತಾ ನನಗೇ ಸಮಜಿತು. ಪೂರಾ."

"ಮತ್ತೆ ನನಗೆ ಯಾಕೆ ಹೇಳಲಿಲ್ಲ? ಎಲ್ಲರ ಮುಂದೆ ಮಂಗ ಆದೆ."

ಅವಳು ಕೀಲಿಮಣೆಯ ಮೇಲಿನ ಹಿಟ್ಟಿನ ಕಲೆಯನ್ನು ಉಗುರಿನಿಂದ ಕೆರೆಯುತ್ತಿದ್ದಳು. ತಲೆ ಎತ್ತಲಿಲ್ಲ.

"ಹೇಳಿದ್ರೆ ಪಾಠ ಖತಮ್ ಆಗ್ತಿತ್ತು. ನೀವು ಮನೆಗೆ ಬಂದ ಕೂಡಲೇ ಮಲಗ್ತೀರಿ ಪಪ್ಪಾ. ಬಚ್‌ಪನ್ ಸೇ, ನಾನು ಚಿಕ್ಕವಳಿದ್ದಾಗಿಂದ. ನನ್ನ ಜೊತೆ ಯಾವಾಗ ಕೂತಿದ್ರಿ?"

ಈ ಸಲ ಹೆಂಡತಿ ಅಡುಗೆಮನೆಯಿಂದ ಕೆಮ್ಮಲಿಲ್ಲ. ಪರೀಕ್ಷೆ ಗೆಲ್ಲಲು ಬೇಕಾದದ್ದು ಅವಳಿಗೆ ಆ ಸಂಜೆಯೇ ಸಿಕ್ಕಿತ್ತು; ಆಮೇಲಿನ ಹನ್ನೊಂದು ಸಂಜೆ ಅವಳಿಗೆ ನನ್ನಿಂದ ಕಲಿಯುವುದೇನೂ ಇರಲಿಲ್ಲ. ಆ ಹನ್ನೊಂದು ಸಂಜೆ ನಾನು ಅವಳನ್ನು ಏನೇನು ಅಂದಿದ್ದೆ ಎಂದು ಒಂದೊಂದಾಗಿ ನೆನಪಾಗುತ್ತ ಹೋಯಿತು. ಅವಳು ಒಂದು ದಿನವೂ ಪಾಠ ತಪ್ಪಿಸಿರಲಿಲ್ಲ.